ಪ್ಯಾನಿಕ್ ಅಟ್ಯಾಕ್ ಮತ್ತು ವ್ಯಾಯಾಮ: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಆರು ವರ್ಷ ಈ ಕಾಟ ಅನುಭವಿಸಿದೀನಿ, ಮಾತ್ರೆ ತಗೊಂಡಿದೀನಿ, ಥೆರಪಿಗೆ ಹೋಗಿದೀನಿ, ಓಡೋದು ಕಲ್ತಿದೀನಿ, ಮಧ್ಯೆ ಸಿಕ್ಕಿದ್ದೆಲ್ಲ ಓದಿದೀನಿ. ಗೊತ್ತಿರೋರು, ಗೊತ್ತಿರೋರ ಗೊತ್ತಿರೋರು ಅಂತ ಎಷ್ಟೋ ಜನ ಅದದೇ ಪ್ರಶ್ನೆ ಕೇಳ್ತಾರೆ, ಪ್ರತಿಸಲ ಫೋನಲ್ಲಿ ಅರ್ಧ ಹೇಳಿ ಅರ್ಧ ಮರೆಯೋದಕ್ಕಿಂತ ಒಂದ್ಕಡೆ ಬರೆದಿಡೋಣ ಅನ್ಸ್ತು.

ಪ್ಯಾನಿಕ್ ಅಟ್ಯಾಕ್ ಅಂದ್ರೆ ಟೆನ್ಷನ್ ಜಾಸ್ತಿ ಆಗೋದು ತಾನೇ?

ಟೆನ್ಷನ್ ನಿಧಾನಕ್ಕೆ ಏರತ್ತೆ, ದಿನಗಟ್ಲೆ ಕೂತಿರತ್ತೆ. ಇದು ಹಂಗಲ್ಲ, ಎಲ್ಲಿಂದಲೋ ಧುತ್ ಅಂತ ಬಂದು ಕೆಲವೇ ನಿಮಿಷದಲ್ಲಿ ತುದಿ ಮುಟ್ಟತ್ತೆ. ಡಾಕ್ಟರ್‌ಗಳು ನೋಡೋ ಪಟ್ಟಿಲಿ 13 ಲಕ್ಷಣ ಇವೆ: ಎದೆ ಡವಡವ, ಬೆವರು, ನಡುಕ, ಉಸಿರು ಸಾಲದಂಗೆ ಅನ್ಸೋದು, ಗಂಟಲು ಕಟ್ಟಿದಂಗೆ, ಎದೆನೋವು, ಹೊಟ್ಟೆ ತೊಳಸೋದು, ತಲೆಸುತ್ತು, ಚಳಿ ಅಥವಾ ಬಿಸಿ ಹೊಡೆಯೋದು, ಕೈಕಾಲು ಜೋಮು, ಸುತ್ತಲಿರೋದೆಲ್ಲ ಸುಳ್ಳು ಅನ್ಸೋದು, ಹುಚ್ಚು ಹಿಡಿಯತ್ತೇನೋ ಅನ್ನೋ ಭಯ, ಸತ್ತೇ ಹೋಗ್ತೀನಿ ಅನ್ನೋ ಭಯ. ಇದ್ರಲ್ಲಿ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಒಟ್ಟಿಗೆ ಬಂದ್ರೆ ಅದು ಪ್ಯಾನಿಕ್ ಅಟ್ಯಾಕ್. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮೇಲಕ್ಕೆ ಹೋಗಿ ಅರ್ಧ ಗಂಟೆಲಿ ಇಳಿಯತ್ತೆ, ಆಮೇಲೆ ಇಡೀ ದಿನ ಯಾರೋ ಹಿಂಡಿ ಒಣಗಾಕಿದಂಗೆ ಸುಸ್ತು.

ಒಂದ್ಸಲ ಬಂದ ಮಾತ್ರಕ್ಕೆ ಕಾಯಿಲೆ ಅಂತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 25 ದೇಶಗಳಲ್ಲಿ ಮಾಡಿಸಿದ ಸರ್ವೆ ಪ್ರಕಾರ 100 ಜನರಲ್ಲಿ ಸುಮಾರು 13 ಜನಕ್ಕೆ ಜೀವಮಾನದಲ್ಲಿ ಒಂದ್ಸಲ ಆದ್ರೂ ಬಂದಿರತ್ತೆ, ಆದ್ರೆ ಪ್ಯಾನಿಕ್ ಡಿಸಾರ್ಡರ್ ಅನ್ನೋ ಮಟ್ಟಕ್ಕೆ ಹೋಗೋದು 100ರಲ್ಲಿ ಇಬ್ಬರಿಗೂ ಕಮ್ಮಿ. ಕಾರಣ ಇಲ್ದೆ ಪದೇ ಪದೇ ಬಂದು, ಮತ್ತೆ ಬರತ್ತೇನೋ ಅನ್ನೋ ಹೆದರಿಕೆ ಒಂದು ತಿಂಗಳಿಗಿಂತ ಜಾಸ್ತಿ ಕಾಡ್ತಿದ್ರೆ, ಅದರಿಂದ ನಿಮ್ಮ ಓಡಾಟವೇ ಬದಲಾಗಿದ್ರೆ, ಆಗ ಆ ಹೆಸರು ಕೊಡ್ತಾರೆ.

ಇದು ಹಾರ್ಟ್ ಅಟ್ಯಾಕ್ ಅಲ್ಲ ಅಂತ ಗೊತ್ತಾಗೋದು ಹೆಂಗೆ?

ಮೊದಲನೇ ಸಲ ಆದ್ರೆ ಗೊತ್ತಾಗಲ್ಲ, ಗೊತ್ತು ಮಾಡ್ಕೊಳಕ್ಕೆ ಹೋಗ್ಲೂಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಎದೆ ಮೇಲೆ ಭಾರ ಇಟ್ಟಂಗೆ ಒತ್ತೋ ನೋವು, ಅದು ಕೈಗೋ ದವಡೆಗೋ ಬೆನ್ನಿಗೋ ಹರಡೋದು, ಮೆಟ್ಲು ಹತ್ತಿದಾಗ ಜಾಸ್ತಿ ಆಗಿ ಕೂತಾಗ ಕಮ್ಮಿ ಆಗೋದು, ಇವೆಲ್ಲ ಹೃದಯದ ಕಡೆ ಬೊಟ್ಟು ಮಾಡ್ತವೆ. ಹಂಗಂತ ಇವು ಇಲ್ಲ ಅಂದ್ರೆ ಹೃದಯ ಅಲ್ವೇ ಅಲ್ಲ ಅಂತ ಮನೇಲೇ ತೀರ್ಮಾನ ಮಾಡ್ಬೇಡಿ. ಇಸಿಜಿ ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ಕೂಡ ನೋಡಿಸಿ, ಯಾಕಂದ್ರೆ ಥೈರಾಯ್ಡ್ ಜಾಸ್ತಿ ಆದ್ರೂ, ರಕ್ತ ಕಮ್ಮಿ ಇದ್ರೂ, ಶುಗರ್ ಇಳಿದ್ರೂ, ಹೃದಯದ ಲಯ ತಪ್ಪಿದ್ರೂ ಹೆಚ್ಚುಕಮ್ಮಿ ಇದೇ ಥರ ಅನ್ಸತ್ತೆ.

ಒಂದ್ಸಲ ಪೂರ್ತಿ ಚೆಕಪ್ ಮಾಡಿಸಿ, ಡಾಕ್ಟರ್ ಸರಿಯಿದೆ ಅಂದ್ಮೇಲೆ ಅಲ್ಲಿಗೆ ನಿಲ್ಸಿ. ನಾನು ಮೊದಲ ವರ್ಷದಲ್ಲೇ ಐದು ಇಸಿಜಿ ತೆಗೆಸಿದ್ದೆ. ಪ್ರತಿ ಸಲ ನಾರ್ಮಲ್ ಅಂತ ಬಂದಾಗ ಸಿಗೋ ನೆಮ್ಮದಿ ಎರಡು ಮೂರು ದಿನ ಇರ್ತಿತ್ತು, ಆಮೇಲೆ "ಆ ಮಷೀನಿಗೆ ಸಿಗದೇ ಇರೋದು ಏನಾದ್ರೂ ಇದ್ರೆ?" ಅಂತ ಮತ್ತೆ ಶುರು.

ರಿಪೋರ್ಟ್ ಎಲ್ಲ ನಾರ್ಮಲ್, ಡಾಕ್ಟರ್ "ಏನೂ ಇಲ್ಲ" ಅಂದ್ರು. ಹಾಗಾದ್ರೆ ನಾನು ನಾಟಕ ಆಡ್ತಿದೀನಾ?

ಈ "ಏನೂ ಇಲ್ಲ" ಅನ್ನೋ ಮಾತಿನ ಮೇಲೆ ನಂಗೆ ತುಂಬಾ ಸಿಟ್ಟಿದೆ. ನಾನು ಮೊದಲನೇ ಸಲ ಯಾವುದೋ ಕೌಂಟರ್ ಮುಂದೆ ಕ್ಯೂನಲ್ಲಿ ನಿಂತಿದ್ದಾಗ ಬಂದಿದ್ದು, ಜೀವ ಬಾಯಿಗೆ ಬಂದಂಗಾಗಿ ಎಮರ್ಜೆನ್ಸಿಗೆ ಓಡಿದ್ರೆ ಅಲ್ಲಿದ್ದೋರು ನಕ್ಕು ಮನೆಗೆ ಹೋಗಿ ಮಲ್ಕೊಳ್ಳಿ ಅಂದ್ರು. ಏನೂ ಇಲ್ದೆ ಎದೆ ಹಂಗೆ ಹೊಡ್ಕೊಳ್ಳತ್ತಾ?

ಆಗ್ತಿರೋದೆಲ್ಲ ನಿಜಾನೇ. ಮೆದುಳು ಅಪಾಯ ಅಂತ ಗಂಟೆ ಬಾರಿಸತ್ತೆ, ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಯತ್ತೆ, ಹೃದಯ ಜೋರಾಗತ್ತೆ, ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಹೋಗತ್ತೆ, ಜೀರ್ಣಕ್ರಿಯೆ ನಿಧಾನ ಆಗತ್ತೆ, ಅದಕ್ಕೇ ಹೊಟ್ಟೆ ತೊಳಸೋದು. ಹುಲಿ ಎದುರಿಗೆ ಬಂದ್ರೆ ಬೇಕಾಗೋ ಸಿದ್ಧತೆ ಇದು, ಹೊಡೆದಾಟ ಇಲ್ಲಾ ಓಟ. ಇದನ್ನ ಅಮೆರಿಕದ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ವಿವರಿಸಿದ್ರು. ದೇಹದ ಕೆಲಸ ಸರಿಯಾಗೇ ಇದೆ, ಹುಲಿ ಮಾತ್ರ ಇಲ್ಲ.

ಜೋಮು ಮತ್ತು ತಲೆಸುತ್ತಿಗೆ ಕಾರಣ ಬೇರೆ. ಹೆದರಿಕೆಲಿ ಬೇಗ ಬೇಗ ಉಸಿರಾಡ್ತೀವಿ, ಆಗ ರಕ್ತದಲ್ಲಿರೋ ಇಂಗಾಲದ ಡೈಆಕ್ಸೈಡ್ ಕಮ್ಮಿ ಆಗತ್ತೆ, ಅದು ಕಮ್ಮಿ ಆದ್ರೆ ಮೆದುಳಿನ ರಕ್ತನಾಳ ಸ್ವಲ್ಪ ಕಿರಿದಾಗಿ ತಲೆ ಧಿಮ್ ಅನ್ನತ್ತೆ, ರಕ್ತದ ಆಮ್ಲೀಯತೆ ಬದಲಾಗಿ ಬಿಡಿ ಕ್ಯಾಲ್ಸಿಯಂ ಕಮ್ಮಿ ಆಗಿ ತುಟಿ ಸುತ್ತ, ಬೆರಳ ತುದಿಲಿ ಜುಮುಜುಮು. ತಮಾಷೆ ಏನಂದ್ರೆ ಉಸಿರು ಸಾಲ್ತಿಲ್ಲ ಅಂತ ನಾವು ಒದ್ದಾಡ್ತಿರೋ ಹೊತ್ತಲ್ಲಿ ಆಮ್ಲಜನಕ ಸಾಕಷ್ಟು ಇರತ್ತೆ, ಉಸಿರೇ ಜಾಸ್ತಿ ಆಗಿರತ್ತೆ.

ತಲೆ ತಿರುಗಿ ಬಿದ್ದುಬಿಟ್ರೆ?

ಎಚ್ಚರ ತಪ್ಪಿ ಬೀಳಕ್ಕೆ ಸಾಮಾನ್ಯವಾಗಿ ಬಿಪಿ ದಬಕ್ ಅಂತ ಇಳೀಬೇಕು. ಪ್ಯಾನಿಕ್‌ನಲ್ಲಿ ಅದು ಏರತ್ತೆ. ಅದಕ್ಕೇ ಬೀಳ್ತೀನಿ ಬೀಳ್ತೀನಿ ಅಂತ ಅನ್ಸೋರು ಬೇಕಾದಷ್ಟು, ನಿಜವಾಗ್ಲೂ ಬೀಳೋರು ತುಂಬಾ ಅಪರೂಪ. ರಕ್ತ, ಸೂಜಿ ಕಂಡ್ರೆ ಹೆದರೋರ ಕತೆ ಬೇರೆ, ಅವರಿಗೆ ಬಿಪಿ ಇಳಿಯತ್ತೆ, ಅವರು ಬೀಳ್ತಾರೆ. ನೀವು ನಿಜವಾಗ್ಲೂ ಎಚ್ಚರ ತಪ್ಪಿದ್ರೆ, ಅದರಲ್ಲೂ ವ್ಯಾಯಾಮ ಮಾಡ್ತಿರುವಾಗ ತಪ್ಪಿದ್ರೆ, ಪ್ಯಾನಿಕ್ ಅಂತ ಬಿಡ್ಬೇಡಿ, ಡಾಕ್ಟರ್ ನೋಡ್ಲಿ.

ಸುತ್ತಮುತ್ತ ಎಲ್ಲ ಗಾಜಿನ ಆಚೆ ಇದ್ದಂಗೆ ಅನ್ಸತ್ತೆ. ಹುಚ್ಚು ಶುರುವಾಗ್ತಿದ್ಯಾ?

ಇಲ್ಲ. ಮೇಲಿನ ಪಟ್ಟಿಲೇ ಇದೂ ಇದೆ, ಅಂದ್ರೆ ಇದು ನಿಮ್ಮೊಬ್ಬರದೇ ವಿಚಿತ್ರ ಅಲ್ಲ. ತಾನಾಗೇ ಹೋಗತ್ತೆ, ಹೋಯ್ತಾ ಹೋಯ್ತಾ ಅಂತ ನೋಡ್ತಾ ಕೂತ್ರೆ ಮಾತ್ರ ಸ್ವಲ್ಪ ಲೇಟ್.

ಅಟ್ಯಾಕ್ ಬಂದಾಗ ಆ ಕ್ಷಣಕ್ಕೆ ಏನ್ ಮಾಡ್ಲಿ?

ಇದ್ದಲ್ಲೇ ಇರಿ. ಇದು ಹೇಳೋದು ಸುಲಭ ಅಂತ ಗೊತ್ತು, ಆದ್ರೂ ಅದೇ ಮುಖ್ಯ. ಡ್ರೈವ್ ಮಾಡ್ತಿದ್ರೆ ಗಾಡಿ ಸೈಡಿಗೆ ಹಾಕಿ, ಉಳಿದಂತೆ ಎಲ್ಲಿದೀರೋ ಅಲ್ಲೇ. ಓಡಿಹೋದ್ರೆ ಆ ಕ್ಷಣಕ್ಕೆ ಆರಾಮ ಆಗತ್ತೆ, ಆದ್ರೆ ಮೆದುಳು ಏನು ಕಲಿಯತ್ತೆ ಅಂದ್ರೆ "ಓಡಿದ್ದಕ್ಕೇ ಬದುಕಿದೆ" ಅಂತ, ಮುಂದಿನ ಸಲ ಇನ್ನೂ ಬೇಗ ಗಂಟೆ ಬಾರಿಸತ್ತೆ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಇಲ್ಲಿ ದೊಣ್ಣೆನೇ ಇಲ್ಲ, ತಪ್ಪಿಸ್ಕೊಂಡಷ್ಟೂ ಅದು ಇದೆ ಅಂತ ಗಟ್ಟಿಯಾಗತ್ತೆ.

ಉಸಿರು ನಿಧಾನ ಮಾಡಿ. ದೊಡ್ಡದಾಗಿ ಎಳ್ಕೊಳ್ಳಿ ಅಂತ ಎಲ್ರೂ ಹೇಳ್ತಾರೆ, ಅದು ಉಲ್ಟಾ ಸಲಹೆ, ಆಗ್ಲೇ ಜಾಸ್ತಿ ಉಸಿರಾಡಿ ತಾನೇ ಜೋಮು ಹಿಡಿದಿರೋದು. ಮೂಗಲ್ಲಿ ಸಣ್ಣದಾಗಿ ನಾಲ್ಕು ಎಣಿಸೋವರೆಗೆ ಒಳಗೆ, ಆರು ಎಣಿಸೋವರೆಗೆ ಹೊರಗೆ, ಹಿಂಗೆ ನಿಮಿಷಕ್ಕೆ ಆರು ಉಸಿರು ಬರತ್ತೆ. ಕಣ್ಣಿಗೆ ಕಾಣೋ ಐದು ವಸ್ತು, ಮುಟ್ಟಕ್ಕೆ ಸಿಗೋ ನಾಲ್ಕು, ಕೇಳ್ಸೋ ಮೂರು ಅಂತ ಹೆಸರು ಹೇಳ್ಕೊಳ್ಳೋದು ಕೆಲವರಿಗೆ ಹಿಡಿಸತ್ತೆ. ಮುಖಕ್ಕೆ ತಣ್ಣೀರು ಹಾಕಿದ್ರೆ ಹೃದಯದ ಬಡಿತ ಸ್ವಲ್ಪ ಇಳಿಯತ್ತೆ, ಹೃದಯದ ತೊಂದರೆ ಇರೋರು ಐಸ್ ನೀರಲ್ಲಿ ಮುಖ ಮುಳುಗಿಸೋ ಸಾಹಸ ಮಾಡ್ಬೇಡಿ.

ಆದ್ರೆ ನನ್ನ ಅನುಭವ ಹೇಳ್ತೀನಿ ಕೇಳಿ, ಇದನ್ನೆಲ್ಲ "ಇವಾಗ ನಿಲ್ಲತ್ತೆ, ನಿಲ್ಲಲೇಬೇಕು" ಅಂತ ಹಟಕ್ಕೆ ಮಾಡಿದ್ರೆ ನಿಲ್ಲಲ್ಲ. ನಿಲ್ಲದಿದ್ರೂ ಪರವಾಗಿಲ್ಲ, ಹತ್ತು ನಿಮಿಷ ಕುಣಿದು ಹೋಗ್ಲಿ ಅಂತ ಬಿಟ್ಟ ದಿನ ಬೇಗ ಹೋಗಿದೆ. ಇದು ಅರ್ಥ ಆಗಕ್ಕೇ ನಂಗೆ ಎರಡು ವರ್ಷ ಬೇಕಾಯ್ತು.

ಪೇಪರ್ ಬ್ಯಾಗಲ್ಲಿ ಉಸಿರಾಡೋದು?

ಬೇಡ. ಅಸ್ತಮಾ ಅಥವಾ ಹೃದಯದ ತೊಂದರೆನೇ ಆಗಿದ್ರೆ ಆಮ್ಲಜನಕ ಕಮ್ಮಿ ಆಗಿ ಅಪಾಯ. ಸಿನಿಮಾದಲ್ಲಿ ನೋಡಿ ಸಾಕು.

ಸುಮ್ನೆ ಕೂತಾಗ್ಲೇ ಎದೆ ಹೊಡ್ಕೊಳತ್ತೆ, ಅಂಥದ್ರಲ್ಲಿ ಓಡು ಅಂತೀರಲ್ಲ?

ಹೆದರೋರ ಮೇಲೆ ಕಪ್ಪೆ ಎಸೆದಂಗೆ ಅನ್ಸತ್ತೆ, ನಿಜ. ಆದ್ರೆ ಕಪ್ಪೆ ಎಸೆಯೋದೇ ಇಲ್ಲಿ ಔಷಧಿ.

1986ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಒಂದು ವಿವರಣೆ ಕೊಟ್ರು, ಇವತ್ತಿಗೂ ಥೆರಪಿ ನಿಂತಿರೋದು ಹೆಚ್ಚುಕಮ್ಮಿ ಅದರ ಮೇಲೇನೇ. ಮೈಯಲ್ಲಿ ಏನೋ ಒಂದು ಸಣ್ಣ ಬದಲಾವಣೆ ಆಗತ್ತೆ, ಎದೆ ಒಂದು ಬಡಿತ ತಪ್ಪತ್ತೆ ಅಂತಿಟ್ಕೊಳ್ಳಿ, ಅದನ್ನ ನಾವು "ಹಾರ್ಟ್ ಅಟ್ಯಾಕ್" ಅಂತ ಓದ್ಕೋತೀವಿ, ಹೆದರ್ತೀವಿ, ಹೆದರಿಕೆಗೆ ಅಡ್ರಿನಲಿನ್ ಬರತ್ತೆ, ಎದೆ ಇನ್ನೂ ಜೋರು, ನೋಡಿದ್ಯಾ ನಾನ್ ಹೇಳಿದ್ದು ನಿಜ ಅಂತ ಇನ್ನೂ ಹೆದರಿಕೆ. ಹಗ್ಗ ಕಂಡು ಹಾವು ಅನ್ನೋದು ಒಂದ್ಸಲ ಆದ್ರೆ ತಪ್ಪು ತಿಳುವಳಿಕೆ, ಇಲ್ಲಿ ನಾವು ಕಿರುಚಿದಷ್ಟೂ ಹಗ್ಗ ಅಲ್ಲಾಡತ್ತೆ.

ಈಗ ಓಡಿದಾಗ ಏನಾಗತ್ತೆ ನೋಡಿ. ಎದೆ ಡವಡವ, ಬೆವರು, ಏದುಸಿರು, ಮುಖ ಬಿಸಿ, ಕಾಲು ನಡುಕ. ಅದೇ ಪಟ್ಟಿ! ವ್ಯತ್ಯಾಸ ಇಷ್ಟೇ, ಇದನ್ನ ನೀವೇ ಬೇಕಂತ ತಂದಿದೀರಿ, ನಿಲ್ಸಿದ್ರೆ ಐದು ನಿಮಿಷದಲ್ಲಿ ಇಳಿಯೋದನ್ನ ನೀವೇ ನೋಡ್ತೀರಿ. ಹಿಂಗೆ ಐವತ್ತು ಸಲ, ನೂರು ಸಲ ಆದ್ಮೇಲೆ ಜೋರಾಗಿ ಬಡಿಯೋ ಎದೆ ಅಂದ್ರೆ ಸಾವು ಅನ್ನೋ ಗಂಟು ಸಡಿಲ ಆಗತ್ತೆ. ಮಾತಲ್ಲಿ ಹೇಳಿದ್ರೆ ನಂಬದೇ ಇರೋದನ್ನ ಮೈ ತಾನೇ ಮಾಡಿ ನಂಬತ್ತೆ. ವ್ಯಾಯಾಮದಿಂದ ನಿದ್ದೆ ಚೆನ್ನಾಗಿ ಬರತ್ತೆ, ಮೂಡ್ ಚೆನ್ನಾಗಿರತ್ತೆ, ಅವೆಲ್ಲ ಇದ್ದೇ ಇದೆ, ಆದ್ರೆ ಪ್ಯಾನಿಕ್ ಇರೋರಿಗೆ ದೊಡ್ಡ ಲಾಭ ಇದು ಅಂತ ನನ್ನ ಅಭಿಪ್ರಾಯ. ಟೆನ್ಷನ್ ಸುಟ್ಟುಹಾಕಕ್ಕೆ ಓಡಿ ಅನ್ನೋರ ಜೊತೆ ನಂಗೆ ಜಗಳ ಇರೋದೂ ಇದಕ್ಕೇ. ಸುಡಕ್ಕೆ ಅಂತ ಓಡಿದ್ರೆ ಓಡದ ದಿನ ಹೆದರಿಕೆ ಶುರು, ಅಯ್ಯೋ ಇವತ್ತು ಸುಟ್ಟಿಲ್ಲ ಅಂತ. ಪಳಗಿಸ್ಕೊಳಕ್ಕೆ ಅಂತ ಓಡಿ.

ಇದಕ್ಕೆ ಪುರಾವೆ ಇದ್ಯಾ, ಇಲ್ಲಾ ಫಿಟ್ನೆಸ್ ಹುಚ್ಚರ ಮಾತಾ?

ಇದೆ, ಆದ್ರೆ ಪವಾಡ ಅಲ್ಲ. 1998ರಲ್ಲಿ ಜರ್ಮನಿಯ ಬ್ರೂಕ್ಸ್ ಮತ್ತೆ ಅವರ ತಂಡದೋರು ಪ್ಯಾನಿಕ್ ಡಿಸಾರ್ಡರ್ ಇದ್ದ 46 ಜನರನ್ನ ಮೂರು ಗುಂಪು ಮಾಡಿದ್ರು: ಒಂದಕ್ಕೆ ನಿಯಮಿತ ಓಟ, ಒಂದಕ್ಕೆ ಕ್ಲೋಮಿಪ್ರಮಿನ್ ಅನ್ನೋ ಖಿನ್ನತೆಯ ಮಾತ್ರೆ, ಒಂದಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ. 10 ವಾರ ಆದ್ಮೇಲೆ ಓಡಿದೋರು ಸುಳ್ಳು ಮಾತ್ರೆಯೋರಿಗಿಂತ ಚೆನ್ನಾಗಿದ್ರು, ಆದ್ರೆ ನಿಜವಾದ ಮಾತ್ರೆ ಇನ್ನೂ ಬೇಗ, ಇನ್ನೂ ಜಾಸ್ತಿ ಕೆಲಸ ಮಾಡಿತ್ತು. ಓಟದ ಗುಂಪಲ್ಲಿ 31 ಪರ್ಸೆಂಟ್ ಜನ ಮಧ್ಯದಲ್ಲೇ ಬಿಟ್ರು, ಮಾತ್ರೆ ಗುಂಪಲ್ಲಿ ಒಬ್ಬರೂ ಬಿಡ್ಲಿಲ್ಲ! ಚಿಕ್ಕ ಅಧ್ಯಯನ, ಹಳೇದು, ಆದ್ರೂ ನಂಗೆ ಇಷ್ಟ, ಯಾಕಂದ್ರೆ ಎರಡೂ ಕಡೆ ಸತ್ಯ ಹೇಳತ್ತೆ. ವ್ಯಾಯಾಮ ಕೆಲಸ ಮಾಡತ್ತೆ, ನಿಧಾನಕ್ಕೆ ಮಾಡತ್ತೆ, ಮತ್ತು ಜನ ಬಿಟ್ಬಿಡ್ತಾರೆ.

ಓಡ್ತಿರುವಾಗ್ಲೇ ಅಟ್ಯಾಕ್ ಬಂದ್ರೆ?

ಈ ಭಯಕ್ಕೊಂದು ಇತಿಹಾಸ ಇದೆ. 1967ರಲ್ಲಿ ಪಿಟ್ಸ್ ಮತ್ತು ಮೆಕ್‌ಕ್ಲೂರ್ ಅನ್ನೋರು ಆತಂಕದ ಕಾಯಿಲೆ ಇದ್ದೋರ ರಕ್ತಕ್ಕೆ ಲ್ಯಾಕ್ಟೇಟ್ ಬಿಟ್ಟಾಗ ಹಲವರಿಗೆ ಅಟ್ಯಾಕ್ ಬಂತು. ಜೋರಾಗಿ ವ್ಯಾಯಾಮ ಮಾಡಿದ್ರೆ ಸ್ನಾಯುವಿಂದ ಬರೋದೂ ಲ್ಯಾಕ್ಟೇಟೇ ತಾನೇ, ಅದಕ್ಕೆ ಇಂಥೋರು ಮೈ ದಂಡಿಸಬಾರದು ಅನ್ನೋ ಮಾತು ಹಬ್ಬಿತು. ಆಮೇಲೆ ಪ್ಯಾನಿಕ್ ಇರೋರನ್ನೇ ಸೈಕಲ್, ಟ್ರೆಡ್‌ಮಿಲ್ ಮೇಲೆ ಹತ್ತಿಸಿ ನೋಡಿದ್ರೆ ಅಟ್ಯಾಕ್ ಬಂದಿದ್ದು ಬಹಳ ಕಮ್ಮಿ ಜನಕ್ಕೆ.

ಬಂದ್ರೆ ವೇಗ ಇಳ್ಸಿ ನಡೀರಿ, ಪೂರ್ತಿ ನಿಲ್ಸಿ ಮನೆಗೆ ಓಡ್ಬೇಡಿ. ನಂಗೆ ಎರಡು ಸಲ ಬಂದಿದೆ. ಎರಡನೇ ಸಲ ನಡೀತಾ ನಡೀತಾನೇ ಇಳೀತು, ಆಮೇಲೆ ಇನ್ನೊಂದು ರೌಂಡ್ ಹಾಕಿದೆ, ಆ ರೌಂಡ್ ಕೊಟ್ಟ ಧೈರ್ಯ ಯಾವ ಇಸಿಜಿನೂ ಕೊಟ್ಟಿರ್ಲಿಲ್ಲ. ಆದ್ರೆ ಎದೇಲಿ ಒತ್ತೋ ನೋವು ಬಂದ್ರೆ, ಮೊದಲು ಆಗದೇ ಇರೋ ಥರ ಉಸಿರು ಕಟ್ಟಿದ್ರೆ ಧೈರ್ಯ ತೋರ್ಸೋ ಹೊತ್ತಲ್ಲ, ನಿಲ್ಸಿ ಡಾಕ್ಟರ್‌ಗೆ ತೋರ್ಸಿ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳಲ್ಲ. ಜೋರಾಗಿ ಓಡಿ ಟಕ್ ಅಂತ ನಿಂತ್ರೆ ರಕ್ತ ಕಾಲಲ್ಲೇ ಉಳ್ಕೊಂಡು ತಲೆ ಹಗುರ ಆಗತ್ತೆ, ಅದು ಯಾರಿಗಾದ್ರೂ ಆಗತ್ತೆ, ನಮ್ಮಂಥೋರಿಗೆ ಮಾತ್ರ ಅದೇ ಅಟ್ಯಾಕ್‌ಗೆ ಬೀಜ. ಕೊನೇ ಐದರಿಂದ ಹತ್ತು ನಿಮಿಷ ನಿಧಾನಕ್ಕೆ ನಡೆದು ಮುಗ್ಸಿ.

ಸರಿ, ಎಲ್ಲಿಂದ ಶುರು ಮಾಡ್ಲಿ?

ಹೃದಯದ ತೊಂದರೆ, ಬಿಪಿ, ಅಸ್ತಮಾ, ಗರ್ಭಿಣಿ, ವರ್ಷಗಟ್ಲೆ ಮೈ ಬಗ್ಗಿಸಿಲ್ಲ, ಇಂಥದ್ದೇನಾದ್ರೂ ಇದ್ರೆ ಮೊದಲು ಡಾಕ್ಟರ್ ಒಪ್ಪಿಗೆ. ಆಮೇಲೆ ನಾಚಿಕೆ ಆಗೋವಷ್ಟು ಚಿಕ್ಕದಾಗಿ ಶುರು ಮಾಡಿ. ನಾನು ಶುರು ಮಾಡಿದ್ದು ಒಂದು ಮಹಡಿ ಮೆಟ್ಲು. ಹತ್ತೋದು, ಮೇಲೆ ನಿಂತು ಎದೆ ಬಡಿಯೋದನ್ನ ಸುಮ್ನೆ ಗಮನಿಸೋದು, ಇಳಿಯೋದು. ವಾರ ಪೂರ್ತಿ ಅಷ್ಟೇ. ಆಮೇಲೆ ಎರಡು ಮಹಡಿ. ಆಮೇಲೆ ಬಿರುಸಾಗಿ ನಡೆಯೋದು ಇಪ್ಪತ್ತು ನಿಮಿಷ, ಅದರ ಮಧ್ಯೆ ಅರ್ಧ ನಿಮಿಷ ಓಡಿ ಎರಡು ನಿಮಿಷ ನಡೆಯೋದು, ಆ ಅರ್ಧ ನಿಮಿಷವನ್ನ ನಿಧಾನಕ್ಕೆ ಎಳೆಯೋದು. ಮೂರು ತಿಂಗಳಲ್ಲಿ ಇಪ್ಪತ್ತು ನಿಮಿಷ ನಿಲ್ಲದೆ ಓಡಕ್ಕೆ ಬಂತು, ಆಮೆ ಥರ ಓಡ್ತಿದ್ದೆ, ಆದ್ರೂ ಓಟ ಓಟಾನೇ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲಾ 75ರಿಂದ 150 ನಿಮಿಷ ಜೋರು ಶ್ರಮ. ಆ ಲೆಕ್ಕ ಗೋಡೆಗೆ ಅಂಟಿಸ್ಕೊಂಡು ಮೊದಲ ವಾರಾನೇ ಮುಟ್ಟಕ್ಕೆ ಹೋಗ್ಬೇಡಿ. ವಾರಕ್ಕೆ ಮೂರು ದಿನ ತಪ್ಪದೇ ಮಾಡೋರು, ಒಂದು ವಾರ ಏಳೂ ದಿನ ಮಾಡಿ ಆಮೇಲೆ ಶೂ ಅಟ್ಟಕ್ಕೆ ಹಾಕೋರಿಗಿಂತ ಮುಂದೆ ಹೋಗ್ತಾರೆ.

ಬರೀ ವಾಕಿಂಗ್ ಸಾಲ್ದಾ? ಯೋಗ? ಜಿಮ್?

ವಾಕಿಂಗ್ ಒಳ್ಳೇದು, ಇಲ್ದೇ ಇರೋದಕ್ಕಿಂತ ನೂರು ಪಾಲು ಮೇಲು. ಆದ್ರೆ ಎದೆ ಬಡಿತ ಏರೋದಕ್ಕೆ ಒಗ್ಗಿಕೋಬೇಕು ಅಂದ್ರೆ ಸ್ವಲ್ಪ ಆದ್ರೂ ಏದುಸಿರು ಬರೋ ಥರ ಇರ್ಬೇಕು. ಸೈಕಲ್, ಈಜು, ಹಗ್ಗದಾಟ, ಡ್ಯಾನ್ಸ್ ಯಾವ್ದಾದ್ರೂ ಆಗತ್ತೆ. ಯೋಗದಲ್ಲಿ ನಿಧಾನದ ಉಸಿರಾಟ ಚೆನ್ನಾಗಿ ಒಗ್ಗತ್ತೆ, ಕಪಾಲಭಾತಿ, ಭಸ್ತ್ರಿಕ ಥರ ಜೋರು ಉಸಿರಿಂದು ಶುರುವಲ್ಲೇ ತಲೆಸುತ್ತು ತಂದು ಹೆದರಿಸಬಹುದು, ಅದು ಯಾಕೆ ಅಂತ ಮೇಲೇ ಹೇಳಿದೀನಿ. ಜಿಮ್‌ನಲ್ಲಿ ತೂಕ ಎತ್ತುವಾಗ ಉಸಿರು ಬಿಗಿಹಿಡಿದ್ರೆ ಬಿಟ್ಟ ತಕ್ಷಣ ತಲೆ ತಿರುಗತ್ತೆ, ಎತ್ತುವಾಗ ಉಸಿರು ಬಿಡಿ.

ಸ್ಮಾರ್ಟ್‌ವಾಚ್ ಹಾಕ್ಕೊಂಡು ಪಲ್ಸ್ ನೋಡ್ತಾ ಇರ್ತೀನಿ, ಸೇಫ್ ಅಲ್ವಾ?

ವಾಚ್ ಬಿಚ್ಚಿಡಿ. ನಿಮಿಷಕ್ಕೊಂದ್ಸಲ ಪಲ್ಸ್ ನೋಡೋದು, ಜೇಬಲ್ಲಿ ಮಾತ್ರೆ ಇಟ್ಕೊಳೋದು, ಎಲ್ಲೋದ್ರೂ ಬಾಗಿಲ ಪಕ್ಕದ ಸೀಟೇ ಹುಡುಕೋದು, ನೀರಿನ ಬಾಟಲ್ ಇಲ್ದೆ ಮನೆ ದಾಟದೇ ಇರೋದು, ಇವೆಲ್ಲ ಊರುಗೋಲು. ಥೆರಪಿಯೋರು ಸುರಕ್ಷತಾ ವರ್ತನೆ ಅಂತಾರೆ. ಇವು ಇರೋವರೆಗೂ ಬದುಕಿದ್ದರ ಕ್ರೆಡಿಟ್ಟೆಲ್ಲ ಬಾಟಲಿಗೇ ಹೋಗತ್ತೆ. ನಾನು ಎರಡು ವರ್ಷ ಒಂದು ಮಾತ್ರೆ ಪ್ಯಾಂಟ್ ಜೇಬಲ್ಲಿಟ್ಕೊಂಡು ಓಡಾಡಿದೀನಿ, ಒಂದಿನ ಸಂಜೆ ಮನೆಗೆ ಬಂದ್ಮೇಲೆ ನೋಡಿದ್ರೆ ಆ ಪ್ಯಾಂಟ್ ವಾಷಿಂಗ್ ಮಷೀನಿಗೆ ಹೋಗಿ ಮಾತ್ರೆ ಕರಗಿ ಬರೀ ಹಾಳೆ ಉಳಿದಿತ್ತು, ಯಾವತ್ತಿಂದ ಹಂಗಿತ್ತೋ ಗೊತ್ತಿಲ್ಲ, ಅಷ್ಟು ದಿನ ನನ್ನ ಕಾಪಾಡಿದ್ದು ಖಾಲಿ ಹಾಳೆ! ಬಿಪಿ ಮಾತ್ರೆ ಬೀಟಾ ಬ್ಲಾಕರ್ ತಗೊಳ್ಳೋರಿಗೆ ಇನ್ನೊಂದು ಮಾತು, ನಿಮಗೆ ಬಡಿತ ಅಷ್ಟೊಂದು ಏರೋದೇ ಇಲ್ಲ, ಬಡಿತ ಹೆಚ್ಚೆಂದ್ರೆ ಎಷ್ಟು ಏರಬಹುದು ಅಂತ ನೋಡಕ್ಕೆ 220ರಲ್ಲಿ ವಯಸ್ಸು ಕಳೆಯೋ ಲೆಕ್ಕ ನಿಮಗೆ ಸರಿಹೊಂದಲ್ಲ.

ಓಡಕ್ಕಾಗಲ್ಲ, ಮಂಡಿ ನೋವು. ಬೇರೆ ದಾರಿ?

ಇದೆ. ಥೆರಪಿಸ್ಟ್‌ಗಳು ಬೇಕಂತಲೇ ಆ ಲಕ್ಷಣ ತರಿಸ್ತಾರೆ. ತಲೆಸುತ್ತಿಗೆ ಹೆದರೋರನ್ನ ತಿರುಗೋ ಕುರ್ಚಿಲಿ ಒಂದು ನಿಮಿಷ ತಿರುಗಿಸೋದು, ಉಸಿರು ಕಟ್ಟೋದಕ್ಕೆ ಹೆದರೋರಿಗೆ ಮೂಗು ಮುಚ್ಚಿ ಸಣ್ಣ ಸ್ಟ್ರಾ ಮೂಲಕ ಉಸಿರಾಡಿಸೋದು, ಜೋಮಿಗೆ ಹೆದರೋರಿಗೆ ಒಂದು ನಿಮಿಷ ಬೇಗ ಬೇಗ ಉಸಿರಾಡಿಸೋದು, ಎದೆ ಬಡಿತಕ್ಕೆ ನಿಂತಲ್ಲೇ ಓಡಿಸೋದು. ಕೇಳಕ್ಕೆ ಹಿಂಸೆ ಅನ್ಸತ್ತೆ, ಆದ್ರೆ ಪ್ಯಾನಿಕ್‌ಗೆ ಇರೋ ಅತ್ಯುತ್ತಮ ಅಸ್ತ್ರಗಳಲ್ಲಿ ಇದೂ ಒಂದು. ಅಸ್ತಮಾ, ಫಿಟ್ಸ್, ಹೃದಯದ ಕಾಯಿಲೆ, ಗರ್ಭಿಣಿ ಆಗಿದ್ರೆ ಡಾಕ್ಟರ್ ಕೇಳ್ದೆ ಮಾಡ್ಬೇಡಿ, ಮೊದಲ ಕೆಲವು ಸಲ ಥೆರಪಿಸ್ಟ್ ಎದುರಿಗೇ ಮಾಡೋದು ಒಳ್ಳೇದು.

ಅಟ್ಯಾಕ್ ಬಂದ ಜಾಗಗಳಿಗೆ ಹೋಗೋದೇ ಬಿಟ್ಟಿದೀನಿ.

ಮೊದಲು ಆ ಅಂಗಡಿ, ಆಮೇಲೆ ಆ ರಸ್ತೆ, ಆಮೇಲೆ ಬಸ್ಸು, ಲಿಫ್ಟು, ಕೊನೆಗೆ ಹೊಸಿಲು. ಹಿಂಗೇ ಲೋಕ ಕಿರಿದಾಗೋದು, ಇದಕ್ಕೆ ಅಗೋರಾಫೋಬಿಯಾ ಅಂತ ಹೆಸರು. ವಾಪಸ್ ಬರೋದೂ ಹಂಗೇ ಒಂದೊಂದೇ ಮೆಟ್ಲು. ಕಮ್ಮಿ ಹೆದರಿಕೆ ಆಗೋ ಜಾಗದಿಂದ ಪಟ್ಟಿ ಮಾಡಿ, ಹೋಗಿ, ಭಯ ಬಂದ್ರೂ ಸ್ವಲ್ಪ ಹೊತ್ತು ಅಲ್ಲೇ ಇದ್ದು ಬನ್ನಿ, ಅದನ್ನೇ ಬೋರ್ ಹೊಡಿಯೋವರೆಗೂ ಮಾಡಿ. ಮನೆ ಬಿಟ್ಟು ಹೊರಗೆ ಕಾಲಿಡಕ್ಕೇ ಆಗ್ತಿಲ್ಲ ಅನ್ನೋ ಹಂತ ಆದ್ರೆ ಒಬ್ರೇ ಹೋರಾಡ್ಬೇಡಿ, ಸಹಾಯ ತಗೊಳ್ಳಿ.

ಸಿಬಿಟಿ ಅಂದ್ರೆ ಏನು, ಎಷ್ಟು ದಿನ?

ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದ್ರೆ ಯೋಚನೆ ಮತ್ತು ನಡವಳಿಕೆ ತಿದ್ದೋ ಮಾತಿನ ಚಿಕಿತ್ಸೆ, ಆದ್ರೆ ಬಾಲ್ಯದ ಕತೆ ಕೆದಕ್ಕೊಂಡು ವರ್ಷಗಟ್ಲೆ ಕೂರೋದಲ್ಲ. ತಪ್ಪು ಓದುವಿಕೆನ ಹಿಡಿಯೋದು, ಪರೀಕ್ಷೆ ಮಾಡೋದು, ಹೋಮ್‌ವರ್ಕ್ ಮಾಡೋದು. ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ ಹೆಚ್ಚಿನವರಿಗೆ ಒಟ್ಟು 7ರಿಂದ 14 ಗಂಟೆ ಸಾಕು. ಸಿಗೋದಾದ್ರೆ ಮೊದಲು ಇದನ್ನೇ ಪ್ರಯತ್ನಿಸಿ ಅಂತೀನಿ, ವ್ಯಾಯಾಮ ಇದರ ಜೊತೆಗಿರ್ಲಿ, ಬದಲಿಗಲ್ಲ.

ಮಾತ್ರೆ ತಗೊಂಡ್ರೆ ಸೋತಂಗಾ? ಅಭ್ಯಾಸ ಆಗ್ಬಿಡತ್ತಾ?

ಸೋಲೂ ಇಲ್ಲ ಗೆಲುವೂ ಇಲ್ಲ, ಮಾತ್ರೆ ಅಷ್ಟೇ. ಎರಡು ಜಾತಿ ಇದೆ, ಜನ ಎರಡನ್ನೂ ಕಲಸಿ ಮಾತಾಡ್ತಾರೆ. ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನವು (ಖಿನ್ನತೆ, ಆತಂಕ ಎರಡಕ್ಕೂ ದಿನಾ ತಗೊಳ್ಳೋ ಮಾತ್ರೆ), ಸರ್ಟ್ರಲಿನ್, ಎಸಿಟಲೋಪ್ರಾಮ್ ಇತ್ಯಾದಿ, ಕೆಲಸ ಶುರು ಮಾಡಕ್ಕೆ ಕೆಲವು ವಾರ ಬೇಕು, ಮೊದಲ ಒಂದೆರಡು ವಾರ ಆತಂಕ ಜಾಸ್ತಿನೂ ಆಗಬಹುದು, ಅದಕ್ಕೇ ಕಮ್ಮಿ ಡೋಸಿಂದ ಶುರು ಮಾಡ್ತಾರೆ. ಎಷ್ಟೋ ಜನ ಇದು ಗೊತ್ತಿಲ್ದೆ ನಾಲ್ಕನೇ ದಿನಕ್ಕೇ ಬಿಟ್ಟು ನಂಗೆ ಆಗಿಬರಲ್ಲ ಅಂತಾರೆ. ಇವಕ್ಕೆ ಚಟ ಹಿಡಿಯಲ್ಲ, ಆದ್ರೆ ದಿಢೀರ್ ನಿಲ್ಸಿದ್ರೆ ತಲೆಸುತ್ತು, ಕಿರಿಕಿರಿ ಆಗತ್ತೆ, ನಿಧಾನಕ್ಕೆ ಇಳಿಸ್ಬೇಕು.

ಇನ್ನೊಂದು ಗುಂಪು ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್. ಅರ್ಧ ಮುಕ್ಕಾಲು ಗಂಟೆಲಿ ಮೈ ತಣ್ಣಗೆ. ಅಪಾಯ ಇರೋದೂ ಅಲ್ಲೇ, ಕೆಲವೇ ವಾರದಲ್ಲಿ ದೇಹ ಅವಲಂಬಿಸಕ್ಕೆ ಶುರು ಮಾಡಬಹುದು, ಮದ್ಯದ ಜೊತೆ ಸೇರಿದ್ರೆ ಉಸಿರೇ ನಿಲ್ಲಬಹುದು. ಬ್ರಿಟನ್ನಿನ ಮಾರ್ಗಸೂಚಿ ಪ್ಯಾನಿಕ್ ಡಿಸಾರ್ಡರ್‌ಗೆ ಇವನ್ನ ಕೊಡ್ಬೇಡಿ ಅಂತಲೇ ಹೇಳತ್ತೆ. ಆಗ್ಲೇ ತಿಂಗಳುಗಟ್ಲೆ ತಗೋತಿದ್ರೆ ಇದನ್ನ ಓದಿ ನಾಳೆಯಿಂದ ನಿಲ್ಸಕ್ಕೆ ಹೋಗ್ಬೇಡಿ, ಫಿಟ್ಸ್ ಬರೋ ಅಪಾಯ ಇದೆ, ಡಾಕ್ಟರ್ ಜೊತೆ ಕೂತು ಇಳಿಸಿ.

ಕಾಫಿ ಬಿಡ್ಬೇಕಾ?

ಕಾಫಿ ಪ್ರಿಯರೇ, ಕ್ಷಮಿಸಿ. ಪ್ಯಾನಿಕ್ ಡಿಸಾರ್ಡರ್ ಇರೋರಿಗೆ ಸುಮಾರು ಐದು ಕಪ್ ಕಾಫಿಯಷ್ಟು ಕೆಫೀನ್ ಒಟ್ಟಿಗೆ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಅಟ್ಯಾಕ್ ಬಂದಿದೆ. ಒಂದು ಕಪ್ಪಿಗೆ ಹಂಗಾಗತ್ತೆ ಅಂತಲ್ಲ. ಎರಡು ವಾರ ಕಮ್ಮಿ ಮಾಡಿ ನೋಡಿ, ಒಂದೇ ಸಲ ಬಿಟ್ರೆ ತಲೆನೋವು ಗ್ಯಾರಂಟಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಕ್ಕೆ ಐದು ಗಂಟೆ ಬೇಕು, ಸಂಜೆ ಕಾಫಿ ರಾತ್ರಿನೂ ಒಳಗೇ ಇರತ್ತೆ. ಮದ್ಯ ಕುಡಿದ ರಾತ್ರಿ ಆರಾಮ, ಮಾರನೇ ಬೆಳಗ್ಗೆ ಬಡ್ಡಿ ಸಮೇತ ವಸೂಲಿ.

ನಿದ್ದೆಲೇ ಬೆಚ್ಚಿ ಎದ್ದು ಅಟ್ಯಾಕ್ ಆಗತ್ತೆ, ಇದೂ ಅದೇನಾ?

ಅದೇ. ಕೆಟ್ಟ ಕನಸಿಂದ ಬರೋದಲ್ಲ ಇದು, ಕನಸಿಲ್ಲದ ನಿದ್ದೆ ಆಳಕ್ಕೆ ಇಳಿಯೋ ಹೊತ್ತಲ್ಲಿ ಬರತ್ತೆ. ಗೊರಕೆ ಜೋರಿದ್ದು, ಉಸಿರು ಕಟ್ಟಿದಂಗಾಗಿ ಏಳ್ತಿದ್ರೆ ಸ್ಲೀಪ್ ಆಪ್ನಿಯಾ (ನಿದ್ದೆಲಿ ಉಸಿರು ಆಗಾಗ ನಿಲ್ಲೋ ತೊಂದರೆ) ಇದ್ಯಾ ಅಂತ ನೋಡಿಸಿ. ಇಲ್ಲಾ ಅಂದ್ರೆ ಎದ್ದು ಕೂತು, ಲೈಟ್ ಹಾಕಿ, ಇಳಿಯೋವರೆಗೂ ಬಿಟ್ಟು, ಮತ್ತೆ ಮಲ್ಕೊಳ್ಳಿ. ಫೋನಲ್ಲಿ ಲಕ್ಷಣ ಹುಡುಕೋದು ಮಾತ್ರ ಬೇಡ, ಬೆಳಗಾಗೋದ್ರೊಳಗೆ ನಿಮಗೆ ಮೂರು ಕಾಯಿಲೆ ಇರತ್ತೆ.

ನನ್ನ ಮನೆಯೋರಿಗೆ ಬರತ್ತೆ. ನಾನೇನು ಮಾಡ್ಬೇಕು?

"ಶಾಂತವಾಗಿರು", "ಏನಾಗಿದೆ ನಿಂಗೆ" ಅನ್ಬೇಡಿ. "ಇಲ್ಲೇ ಇದೀನಿ, ಇಳಿಯತ್ತೆ" ಅಂದ್ರೆ ಸಾಕು, ಜೊತೆಗೆ ನಿಧಾನಕ್ಕೆ ಉಸಿರಾಡಿ. ಕಷ್ಟದ ಭಾಗ ಆಮೇಲೆ ಬರತ್ತೆ. ಪ್ರೀತಿಯಿಂದ ಅವರ ಬದಲು ಅಂಗಡಿಗೆ ಹೋಗಿ ಬರೋದು, ಎಲ್ಲೋದ್ರೂ ಜೊತೆಗೆ ಹೋಗೋದು ಮಾಡ್ತಾ ಮಾಡ್ತಾ ನೀವೇ ನೀರಿನ ಬಾಟಲ್ ಆಗ್ಬಿಡ್ತೀರಿ. ಅವರ ಜೊತೆ ಮಾತಾಡ್ಕೊಂಡು ನಿಧಾನಕ್ಕೆ ಹಿಂದೆ ಸರೀರಿ. ಬದುಕೋದೇ ಬೇಡ ಅನ್ನೋ ಮಾತು ಅವರ ಬಾಯಲ್ಲಿ ಬಂದ್ರೆ ಮಾತ್ರ ಒಬ್ರನ್ನೇ ಬಿಡ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.

ಆರು ತಿಂಗಳು ಚೆನ್ನಾಗಿದ್ದೆ, ನಿನ್ನೆ ಮತ್ತೆ ಬಂತು. ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಾ?

ಇಲ್ಲ ಮಾರಾಯ್ರೇ. ನಿದ್ದೆಗೆಟ್ಟ ವಾರ, ಜ್ವರ ಬಂದು ಎದ್ದ ಮೇಲೆ, ಮುಟ್ಟಿನ ಮುಂಚಿನ ದಿನಗಳು, ಮನೇಲಿ ಸಾವು ನೋವು, ಇಂಥ ಹೊತ್ತಲ್ಲಿ ಒಂದೊಂದು ಬರತ್ತೆ. ಒಂದು ಬಂತು ಅಂತ ಓಡೋದು ನಿಲ್ಸಿ, ಆ ಬಸ್ಸು ಬಿಟ್ಟು, ಮತ್ತೆ ಜೇಬಿಗೆ ಮಾತ್ರೆ ಹಾಕಿದ್ರೆ ಆಗ ಹಳೇ ದಾರಿ. ವಾರಕ್ಕೆ ಎರಡು ಮೂರು ಸಲ ಬರ್ತಾನೇ ಇದ್ರೆ ಡಾಕ್ಟರ್‌ನ ಮತ್ತೆ ನೋಡಿ.

ನಿಮಗೆ ಈಗ್ಲೂ ಬರತ್ತಾ?

ಬರತ್ತೆ, ವರ್ಷಕ್ಕೊಂದೋ ಎರಡೋ. ಹೋದ ಸಲ ಬಂದಿದ್ದು ಲಿಫ್ಟಲ್ಲಿ, ಜೊತೆಗೆ ಇನ್ನೂ ಮೂರು ಜನ ಇದ್ರು. ಕಿವಿ ಗುಂಯ್ ಅಂತು, ಅಂಗೈ ಒದ್ದೆ, ಎದೆ ಕುದುರೆ ಥರ. ಓ ಇದಾ, ಬೆಳಗ್ಗೆ ಎರಡನೇ ರೌಂಡಲ್ಲೂ ಹಿಂಗೇ ಹೊಡ್ಕೋತಿತ್ತಲ್ಲ ಅಂತ ಅನ್ಕೊಂಡು ನಿಂತೆ. ಪಕ್ಕದೋರು ಯಾವ ಫ್ಲೋರ್ ಅಂತ ಕೇಳಿದ್ರು, ಏಳು ಅಂದೆ, ಅವರು ಬಟನ್ ಒತ್ತಿದ್ರು.